ಭಯಾನಕ ಧಾರಾವಾಹಿಯ ಒಂದು ಕಂತನ್ನು ವಿಮರ್ಶಿಸುವ ಬಗೆ

ಮೊದಲ ಸಲ ಟಿಪ್ಪಣಿಯ ಗೊಡವೆಯಿಲ್ಲದೆ, ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಕಂತನ್ನು ಪೂರ್ತಿ ನೋಡಿ, ಎಲ್ಲೆಲ್ಲಿ ಬೆಚ್ಚಿದಿರಿ ಎಂಬುದನ್ನು ಮುಗಿದ ಕೂಡಲೇ ಬರೆದಿಟ್ಟುಕೊಳ್ಳಿ. ಆ ಭಯ ಹುಟ್ಟಿದ್ದು ಹೇಗೆ ಎಂಬ ಹುಡುಕಾಟ ಎರಡನೆಯ ನೋಟದ ಕೆಲಸ.

2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದ ಹಾಂಟಿಂಗ್ ಆಫ್ ಹಿಲ್ ಹೌಸ್’ ಸರಣಿಯ ಆರನೆಯ ಕಂತನ್ನೇ ತೆಗೆದುಕೊಳ್ಳಿ. ಮೈಕ್ ಫ್ಲ್ಯಾನಗನ್ ನಿರ್ದೇಶಿಸಿದ ಈ ಕಂತು ಬಹುಮಟ್ಟಿಗೆ ಕೆಲವೇ ಸುದೀರ್ಘ ಟೇಕ್‌ಗಳಲ್ಲಿ, ಅಂದರೆ ಕ್ಯಾಮೆರಾ ನಿಲ್ಲಿಸದೆ ಒಂದೇ ಸಮನೆ ಚಿತ್ರಿಸಿದ ದೃಶ್ಯಗಳಲ್ಲಿ, ಸಾಗುತ್ತದೆ. ತಂಗಿ ನೆಲ್‌ಳ ಶವಪೆಟ್ಟಿಗೆಯ ಎದುರಿನಲ್ಲೇ ಒಡಹುಟ್ಟಿದವರು ಜಗಳಕ್ಕಿಳಿದಾಗ ಕ್ಯಾಮೆರಾ ಅವರನ್ನು ಸುತ್ತುತ್ತದೆ. ಹಿನ್ನೆಲೆಯಲ್ಲಿ ಅವಳದೇ ಆಕೃತಿ ಕಾಣಿಸಿಕೊಳ್ಳುತ್ತದೆ. ತಂದೆ ಹ್ಯೂ ಓಣಿಯಂಥ ಕಾರಿಡಾರಿನಲ್ಲಿ ನಡೆಯುತ್ತಾ, ನಡುವೆ ಕಟ್ ಕಾಣದಂತೆ, ಹಿಂದೊಮ್ಮೆ ಕುಟುಂಬ ವಾಸವಿದ್ದ ಹಿಲ್ ಹೌಸ್ ಬಂಗಲೆಯೊಳಗೆ ಬಂದುಬಿಡುತ್ತಾನೆ. ಇದನ್ನು ‘ಅದ್ಭುತ ಛಾಯಾಗ್ರಹಣ’ ಎಂದು ಹೊಗಳಿ ಮುಂದೆ ಹೋದರೆ ಅದು ವಿಮರ್ಶೆಯಾಗುವುದಿಲ್ಲ. ಕಟ್ ಇಲ್ಲದಿರುವುದರಿಂದ ನೋಡುಗನಿಗೆ ಉಸಿರು ಬಿಡಲು ಸಮಯ ಸಿಗುವುದಿಲ್ಲ, ಸಾವಿನ ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದನ್ನು ಆ ಕುಟುಂಬದ ನಡುವೆ ನಿಂತೇ ನೋಡಬೇಕಾಗುತ್ತದೆ ಎಂದು ಕಾರಣ ಕೊಡಬೇಕು.

ಕಥಾಸಾರಕ್ಕೆ ಮೂರು ವಾಕ್ಯ ಧಾರಾಳವಾಯಿತು. ಮುಂದಿನ ಕಂತುಗಳ ಗುಟ್ಟನ್ನು ಬಿಟ್ಟುಕೊಡಬೇಡಿ. ಈ ಕಂತಿನ ತಿರುವನ್ನು ಹೇಳಲೇಬೇಕಾದರೆ ಮೊದಲೇ ಎಚ್ಚರಿಕೆ ಕೊಡಿ. ನಕ್ಷತ್ರಗಳ ಅಂಕ ಕೊಡುವುದು ನಿಮಗೆ ಬಿಟ್ಟದ್ದು. ನನಗಂತೂ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಉದ್ದ ಟೇಕ್‌ಗೆ ಹೊಂದಿಸಲು ಹೋಗಿ ಸಂಭಾಷಣೆ ರಂಗದ ಮೇಲಿನ ಭಾಷಣದಂತಾಗಿದೆ ಎನಿಸಿದರೆ, ಯಾವ ದೃಶ್ಯದಲ್ಲಿ ಹಾಗೆನಿಸಿತು ಎಂಬುದನ್ನೂ ದಾಕ್ಷಿಣ್ಯವಿಲ್ಲದೆ ಬರೆಯಿರಿ.