ಕಪಾಟಿನ ಬಾಗಲಾ ಕಿತ್ತು ಬಂದ್ರ ದಪ್ಪ ಸ್ಕ್ರೂ ಹಾಕಬ್ಯಾಡ್ರಿ

ಧಾರವಾಡ ಸಪ್ತಾಪುರದ ಬಾಡಿಗಿ ರೂಮಿನ ಟೇಬಲ್ ಇರಲಿ, ಹುಬ್ಬಳ್ಳಿ ಫ್ಲ್ಯಾಟಿನ ಅಡಿಗಿಮನಿ ಕಪಾಟ ಇರಲಿ, ಪಾರ್ಟಿಕಲ್ ಬೋರ್ಡಿನ ಸಾಮಾನು ಮೊದಲ ಕೈಕೊಡೂದು ಸ್ಕ್ರೂ ಕುಂತ ತೂತಿನಾಗ. ಎಷ್ಟ ತಿರುವಿದ್ರೂ ಬಿಗಿ ಆಗಂಗಿಲ್ಲ, ತಗದು ನೋಡಿದ್ರ ಸ್ಕ್ರೂದ ಹಲ್ಲಿನ ಸಂದ್ಯಾಗ ಕಂದು ಹುಡಿ. ಆ ಹುಡಿ ಅಂದ್ರ ನಿಮ್ಮ ಬೋರ್ಡ. ಕಟ್ಟಿಗಿ ಚೂರಿಗೆ ಗಮ್ ಕಲಸಿ ಬಿಸಿಯೊಳಗ ಒತ್ತಿ ಮಾಡಿದ ಹಲಗಿ ಅದು. ಎರಡೂ ಮೈ ಗಟ್ಟಿ, ನಡುವಿನ ಭಾಗ ಸಡಿಲ. ಸಾಗವಾನಿಯೊಳಗ ಇದ್ದಂಗ ಉದ್ದನ ನಾರು ಇದರಾಗ ಇಲ್ಲ. ಹಲ್ಲು ಕೊರದ ದಾರಿ ಒಮ್ಮೆ ಪುಡಿಯಾತಂದ್ರ ಆತು. ಅದಕ್ಕ ದಪ್ಪ ಸ್ಕ್ರೂ ತುರುಕಿದ್ರ ಉಳಿದ ಗೋಡಿನೂ ಒಡಿತೈತಿ. ಉದ್ದಂದು ಹಾಕೂಣು ಅಂದ್ರ 18 ಎಂಎಂ ಹಲಗಿಗೆ 16 ಎಂಎಂ ಸ್ಕ್ರೂನ ಕಡೀ ಮಿತಿ, ಅದಕ್ಕಿಂತ ಉದ್ದ ಆದ್ರ ಆಕಡೆ ಮೈಯಿಂದ ಮೂತಿ ಹೊರಗ ಬರತೈತಿ.

ಮೊದಲ ತೂತಿನ ಸುತ್ತ ಉಗುರಲೆ ಒತ್ತಿ ನೋಡ್ರಿ. ಹಲಗಿ ಉಬ್ಬಿದ್ರ, ಉಗುರು ಒಳಗ ಇಳದ್ರ, ಅದು ನೀರು ಕುಡದೈತಿ. ಸಿಂಕಿನ ಕೆಳಗಿನ ಕಪಾಟ, ಮಳಿ ಹಸಿ ಏರಿದ ಗ್ವಾಡಿಗೆ ಹಚ್ಚಿಟ್ಟ ಕಪಾಟದಾಗ ಇದು ಬಾಳ. ಉಬ್ಬಿದ ಬೋರ್ಡ ಒಣಗಿದ್ರೂ ತಿರುಗಿ ಗಟ್ಟಿ ಆಗಂಗಿಲ್ಲ. ಅಲ್ಲಿ ಏನ ತುಂಬಿದ್ರೂ ದಂಡ, ಆ ಹಲಗಿ ಬದಲಿ ಮಾಡಸ್ರಿ.

ಹಲಗಿ ಒಣಗಿದ್ದು, ತೂತು ಬರೇ ಸಡಿಲಾಗಿದ್ರ ಹಲ್ಲುಕಡ್ಡಿ ಸಾಕು. ಹುಡಿನೆಲ್ಲಾ ಸೈಕಲ್ ಪಂಪಿನ ಗಾಳಿಲೆ ಊದಿ ತಗೀರಿ, ಹುಡಿಮ್ಯಾಲೆ ಹಚ್ಚಿದ ಫೆವಿಕಾಲ್ ಹುಡಿಗೆ ಹತ್ತತೈತಿ, ಹಲಗಿಗೆ ಅಲ್ಲ. ಕಡ್ಡಿಗೆ ಫೆವಿಕಾಲ್ ಸವರಿ ಮೂರೋ ನಾಕೋ, ಇನ್ನೊಂದು ಹಿಡಿಯದಷ್ಟು ಒತ್ತಿ ತುಂಬ್ರಿ. ಕಡ್ಡಿ ಕಡಿಮಿ ಮಾಡಿ ಫೆವಿಕಾಲ್ ಸುರಿಯೂದು ತಪ್ಪು. ಅದರಾಗಿನ ನೀರು ಆರಿದಂಗ ಅದು ಕುಗ್ಗತೈತಿ, ನಡುವ ಟೊಳ್ಳು ಉಳೀತೈತಿ. ಕಡ್ಡಿಪೆಟ್ಟಿಗಿ ಕಡ್ಡಿ ಹಾಕೂದಾದ್ರ ಮದ್ದಿನ ತುದಿ ಮುರದು ಹಾಕ್ರಿ. ಬ್ಯಾಸಿಗ್ಯಾಗ 24 ತಾಸು ಬಿಡ್ರಿ, ಆಷಾಢ-ಶ್ರಾವಣದಾಗ ಎರಡ ದಿನ. ಸಂಜಿ ತನಕಾ ತಡಿಲಾರದ ಸ್ಕ್ರೂ ಹಾಕಿದವರಿಗೆ ಅದೇ ವಾರ ಮತ್ತ ಅದೇ ಕೆಲಸ.

ಬಾಗಲದ ಭಾರ ಹೊರೂ ಬಿಜಾಗರಿಗೆ ಕಡ್ಡಿ ನಂಬಬ್ಯಾಡ್ರಿ. ಅಲ್ಲಿ ಗಟ್ಟಿ ಕಟ್ಟಿಗಿ ಕೂಡಿಸಬೇಕು. ಹಾರ್ಡವೇರ್ ಅಂಗಡ್ಯಾಗ 8 ಎಂಎಂ ಡಾವೆಲ್ ಅಂತ ಕೇಳ್ರಿ, ಮೈಮ್ಯಾಲೆ ಗೀರು ಇದ್ದ ದುಂಡನ ಬೆಣಿ ಕೊಡತಾರ. ಬಾಗಲದ ಕೆಳಗ ಪುಸ್ತಕ ಒಟ್ಟಿ ಭಾರ ತಡದು ಬಿಜಾಗರಿ ಬಿಚ್ರಿ. 8 ಎಂಎಂ ಡ್ರಿಲ್ ಬಿಟ್ಟಿಗೆ ತುದಿಯಿಂದ 13 ಎಂಎಂ ಮ್ಯಾಲೆ ಟೇಪ್ ಸುತ್ತಿ, ಟೇಪ್ ಹಲಗಿಗೆ ತಾಗೂತನಾ ಕೊರೀರಿ, ಮುಂದ ಹೋದ್ರ ಲ್ಯಾಮಿನೇಟ್ ಹರಿತೈತಿ. ತೂತಿನ ಗೋಡಿಗೂ ಬೆಣಿಗೂ ಫೆವಿಕಾಲ್ ಹಚ್ಚಿ ಸಣ್ಣ ಸುತಗಿಲೆ ಮೆಲ್ಲಕ ಬಡೀರಿ. ನುಣ್ಣನ ಬೆಣಿ ಇದ್ರ ಉದ್ದಕ್ಕ ಒಂದು ಗೀರು ತಗೀರಿ. ಗೀರು ಇಲ್ಲಂದ್ರ ತಳದಾಗ ಸಿಕ್ಕ ಗಾಳಿ, ಫೆವಿಕಾಲ್ ಹೊರಗ ಬರಾಕ ದಾರಿ ಸಿಗಂಗಿಲ್ಲ, ಬೆಣಿ ತಿರುಗಿ ಮ್ಯಾಲೆ ಏಳತೈತಿ. ಒಣಗಿದ ಮ್ಯಾಲೆ ಹಳೇ ಎಕ್ಸರೇ ಹಾಳಿಗೆ ತೂತು ಮಾಡಿ ಬೆಣಿಗೆ ತೊಡಿಸಿ, ಅದರ ಮ್ಯಾಲೆ ಹ್ಯಾಕ್ಸಾ ಬ್ಲೇಡ್ ಆಡಿಸಿ ಸಮ ಮಾಡ್ರಿ, ಮೈಗೆ ಗೀರು ಬೀಳಂಗಿಲ್ಲ. ಹಲಗಿ ಅಂಚಿನ ತೂತಿಗೆ 30 ಎಂಎಂ ಉದ್ದದ ಬೆಣಿ ಹಾಕಬಹುದು, ಆದ್ರ 10 ಎಂಎಂ ದಪ್ಪಂದು ಬ್ಯಾಡ, ಅಂಚು ಸೀಳತೈತಿ.

ತೂತು ಹರದು ಗುಂಡಿನ ಆಗಿದ್ರ ಬೆಣಿನೂ ನಿಲ್ಲಂಗಿಲ್ಲ. ಉದುರೂ ಗೋಡಿಗೆ ನೀರಿನಂಗ ತೆಳ್ಳನ ಫೆವಿಕ್ವಿಕ್ ಹನಿ ಹನಿ ಕುಡಿಸ್ರಿ. ಅದು ಗಟ್ಟಿಯಾದ ಮ್ಯಾಲೆ ಅರಾಲ್ಡೈಟ್ ಅನ್ನೂ ಎರಡ ಟ್ಯೂಬಿನ ಗಮ್ಮನ್ನ ಎರಡೂ ಟ್ಯೂಬಿನಿಂದ ಸಮ ಸಮ ತಗೊಂಡು ಕಟ್ಟಿಗಿ ಹುಡಿ ಕಲಸಿ ತುಂಬಿ ರಾತ್ರಿಯೆಲ್ಲಾ ಬಿಡ್ರಿ. ಫೆವಿಕ್ವಿಕ್ ಕುಡದ ಗೋಡಿ ಫೆವಿಕಾಲ್ ಹೀರಂಗಿಲ್ಲ, ಅದಕ್ಕ ಅಲ್ಲಿ ಅರಾಲ್ಡೈಟ್. ಬಾಳ ಭಾರದ ಬಾಗಲಾ ಇದ್ದು, ಹೊರಗಿನ ಮೈ ಕಾಣದ ಜಾಗಾ ಆಗಿದ್ರ ಇದೆಲ್ಲಾ ಬಿಟ್ಟು ಆರಪಾರ ತೂತು ಹೊಡದು 4 ಎಂಎಂ ನಟ್ ಬೋಲ್ಟ್, ಅಗಲ ವಾಶರ್ ಹಾಕೂದ ಛಲೋ.

ಕಡ್ಡಿ, ಬೆಣಿ, ಅರಾಲ್ಡೈಟ್ ಯಾವದ ತುಂಬಿದ್ರೂ ಅದರ ನಟ್ಟನಡುವ 2.5 ಎಂಎಂ ತೂತು ಕೊರದ ಮ್ಯಾಲೆ 3.5 ಅಥವಾ 4 ಎಂಎಂ ಸ್ಕ್ರೂ ಹಾಕ್ರಿ, ಕೊರೀದ ಹಾಕಿದ್ರ ಬೆಣಿ ಸೀಳತೈತಿ. ಸ್ಕ್ರೂಗೆ ಚೂರು ಮೇಣಬತ್ತಿ ತಿಕ್ರಿ. ಕಡೀ ಸುತ್ತು ಮಶಿನ್ ಬ್ಯಾಡ, ಕೈಲೆ ತಿರುವಿ ತಲಿ ಕುಂತ ಕೂಡಲೆ ನಿಲ್ಲಸ್ರಿ. ಮುಂದ ಎಂದರ ಬಿಚ್ಚಿ ಹಾಕೂದು ಬಂದ್ರ ಸ್ಕ್ರೂ ತೂತಿನಾಗ ಇಟ್ಟು ಮೊದಲು ಉಲ್ಟಾ ತಿರುವ್ರಿ. ಟಕ್ ಅಂತ ಸಣ್ಣಗ ಇಳೀತೈತಿ, ಹಳೇ ಹಲ್ಲಿನ ದಾರಿ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಿಗಿ ಮಾಡಿದ್ರ ಹೊಸ ಗೀರು ಬೀಳಂಗಿಲ್ಲ. ಮನಿ ಬದಲಿ ಮಾಡೂವಾಗ ಬಿಚ್ಚಿ ಜೋಡಸೂ ಆಳಿಗೂ ಇದನ್ನ ಹೇಳ್ರಿ, ತೂತು ಹಾಳಾಗೂದು ಬಾಳ ಸಲ ಆವಾಗನ.

ಬಾಗಲಾ ಕಿತ್ತಿದ್ದು ಮ್ಯಾಲಿನ ಬಿಜಾಗರಿ ಆಗಿದ್ರ ಕೆಳಗಿಂದೂ ನೋಡ್ರಿ. ಬಾಗಲದ ಭಾರ ಮ್ಯಾಲಿಂದನ್ನ ಹೊರಗ ಜಗ್ಗತೈತಿ, ಕೆಳಗಿಂದನ್ನ ಒಳಗ ಒತ್ತತೈತಿ, ಅದಕ್ಕ ಮ್ಯಾಲಿಂದು ಮೊದಲು ಕೀಳತೈತಿ. ಕೆಳಗಿನ ಸ್ಕ್ರೂ ಅರ್ಧ ಸುತ್ತು ಸಡಿಲ ಇದ್ರೂ ಈಗ ಕೂಡಿಸಿದ ಬೆಣಿ ಮ್ಯಾಲನ ಅಷ್ಟೂ ಭಾರ ಬೀಳತೈತಿ.