ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಮೀಟರ್ ಹಿಡಿದು ನೋಡಿ

ಸಿಗ್ನಲ್ಲಿನಲ್ಲಿ ಎಸಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿಕೊಂಡು ನಿಂತಿದ್ದೀರಿ. ಹಸಿರು ಬಿತ್ತು. ಆಕ್ಸಲರೇಟರ್ ಒತ್ತಿದರೆ ಆಟೊಮ್ಯಾಟಿಕ್ ಕಾರು ಎಳೆಯುವುದೇ ಇಲ್ಲ, ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಹಿಡಿದ ಹಾಗೆ ತಿಣುಕುತ್ತದೆ. ಗೇರು ಮೂರರಲ್ಲೇ ಕೂತುಬಿಟ್ಟಿದೆ.

ಕಳೆದ ಮಳೆಗಾಲದಲ್ಲಿ ನನಗೆ ಆಗಿದ್ದು ಇದೇ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ "ಸಾರ್, ಗೇರ್‌ಬಾಕ್ಸ್ ಇಳಿಸಬೇಕಾಗುತ್ತೆ" ಅಂದರು. ಇಳಿಸಲು ಬಿಡಲಿಲ್ಲ, ಯಾಕೆಂದರೆ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರು ಬರೆದಿಟ್ಟ ದೋಷದ ಕೋಡು ಓದುವ ಉಪಕರಣ) ಬಂದಿದ್ದ ಕೋಡುಗಳು ಎರಡೇ: ಪಿ0562 ಮತ್ತು ಪಿ0882. ಮೊದಲನೆಯದು ಗಾಡಿಯ ಒಟ್ಟು ವೋಲ್ಟೇಜ್ ಕಡಿಮೆ ಅನ್ನುತ್ತದೆ. ಎರಡನೆಯದು ಗೇರ್‌ಬಾಕ್ಸಿನ ಕಂಪ್ಯೂಟರಿಗೆ, ಅಂದರೆ ಟಿಸಿಎಂಗೆ, ಬರುವ ಕರೆಂಟು ಸಾಲುತ್ತಿಲ್ಲ ಅನ್ನುತ್ತದೆ. ಗೇರ್ ಸವೆದಿದೆ ಅಂತ ಎರಡೂ ಹೇಳುವುದಿಲ್ಲ.

ಗೇರ್‌ಬಾಕ್ಸಿನೊಳಗೆ ಎಣ್ಣೆಯ ದಾರಿ ತೆರೆದು ಮುಚ್ಚುವ ಸಣ್ಣ ಸಣ್ಣ ಸೊಲೆನಾಯ್ಡುಗಳಿವೆ, ಅವು ಕರೆಂಟಿನಲ್ಲಿ ಓಡುವ ಅಯಸ್ಕಾಂತಗಳು. ವೋಲ್ಟೇಜ್ ಬಿದ್ದರೆ ಅವುಗಳ ಹಿಡಿತ ಸಡಿಲವಾಗಿ, ಎಣ್ಣೆಯ ಒತ್ತಡ ತಪ್ಪಿ, ಕ್ಲಚ್ ಜಾರಿ ಸುಟ್ಟುಹೋಗಬಹುದು. ಅದಕ್ಕೇ ಟಿಸಿಎಂ ತಾನಾಗಿಯೇ ಕೈಬಿಟ್ಟು ಒಂದೇ ಗೇರಿಗೆ ಗಾಡಿಯನ್ನು ಕಟ್ಟಿಹಾಕುತ್ತದೆ. ಇದೇ ಲಿಂಪ್ ಮೋಡ್. ಎಎಂಟಿ ಗಾಡಿಗಳಲ್ಲಿ, ಅಂದರೆ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಆಟೊಮ್ಯಾಟಿಕ್ ಮಾಡಿದ ಗಾಡಿಗಳಲ್ಲಿ, ಗೇರ್ ಬದಲಿಸುವ ಕೆಲಸವನ್ನೇ ಮೋಟಾರು ಮಾಡುವುದರಿಂದ ಬ್ಯಾಟರಿ ಸೊರಗಿದರೆ ತೊಂದರೆ ಇನ್ನೂ ಬೇಗ ಕಾಣುತ್ತದೆ.

ಬೇಕಾಗಿರುವುದು ಒಂದು ಡಿಜಿಟಲ್ ಮಲ್ಟಿಮೀಟರ್, ಮತ್ತೆ ಸಹಾಯಕ್ಕೆ ಒಬ್ಬರು. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಎಷ್ಟೋ ಸಲ ಇಂಜಿನ್ ಕೋಡು ಮಾತ್ರ ಓದುತ್ತವೆ, ಹಾಗಾಗಿ ಗೇರ್‌ಬಾಕ್ಸ್ ಕೋಡು ಕಾಣಲಿಲ್ಲ ಅಂತ ಸುಮ್ನೆ ಖುಷಿಪಡಬೇಡಿ. ಬಂದ ಕೋಡುಗಳನ್ನು ಬರೆದುಕೊಂಡು ಆಮೇಲೆ ಅಳಿಸಿ.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಇರಬೇಕು. 12.4 ನಡೆಯುತ್ತದೆ. 12.2 ಅಂದರೆ ಅರ್ಧ ಖಾಲಿ, ಚಾರ್ಜ್ ಮಾಡಿಸದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬಬೇಡಿ. ಈಗಷ್ಟೇ ಓಡಿಸಿ ಬಂದಿದ್ದರೆ ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಸ್ವಲ್ಪ ಬಿಟ್ಟು ಅಳೆಯಿರಿ. ಆಮೇಲೆ ಸಹಾಯಕರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡುತ್ತಿರಿ. 9.6ಕ್ಕಿಂತ ಕೆಳಗೆ ಬಿತ್ತಾ? ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

ಇಂಜಿನ್ ಚಾಲೂ ಆದ ಮೇಲೆ 13.8ರಿಂದ 14.5ರ ಒಳಗೆ ಬರಬೇಕು. ಎಸಿ, ಲೈಟು, ಬ್ಲೋಯರ್ ಎಲ್ಲ ಹಾಕಿದರೂ 13.5ರ ಆಸುಪಾಸು ನಿಲ್ಲಬೇಕು. ಹೊಸ ಗಾಡಿಗಳಲ್ಲಿ ಒಂದು ತಮಾಷೆಯಿದೆ, ಪೆಟ್ರೋಲ್ ಉಳಿಸಲು ಆಲ್ಟರ್ನೇಟರನ್ನೇ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಆಗಾಗ ತಗ್ಗಿಸುತ್ತವೆ, ಆಗ 12.8 ಕಂಡರೂ ಗಾಬರಿಯಾಗಬೇಡಿ, ಹೆಡ್‌ಲೈಟ್ ಹಾಕಿ ಏರುತ್ತದಾ ನೋಡಿ. ಏರದಿದ್ದರೆ ಬೆಲ್ಟ್ ಜಾರುತ್ತಿರಬಹುದು ಅಥವಾ ಆಲ್ಟರ್ನೇಟರ್ ಸೋತಿರಬಹುದು. ಮೀಟರನ್ನು ಎಸಿ ವೋಲ್ಟಿಗೆ (ಇಲ್ಲಿ ಎಸಿ ಅಂದರೆ ಆಲ್ಟರ್ನೇಟಿಂಗ್ ಕರೆಂಟ್, ತಂಪು ಮಾಡುವ ಎಸಿ ಅಲ್ಲ) ತಿರುಗಿಸಿ ಬ್ಯಾಟರಿಗೆ ಹಿಡಿದಾಗ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಒಳಗಿನ ಡಯೋಡ್ ಹೋಗಿರುವ ಅನುಮಾನ.

ನನ್ನ ಗಾಡಿಯಲ್ಲಿ ಇಷ್ಟೂ ಸರಿಯಿತ್ತು! ಬ್ಯಾಟರಿಯ ಹತ್ತಿರ 14.1, ಸ್ಕ್ಯಾನರಿನಲ್ಲಿ ಟಿಸಿಎಂ ಹೇಳುವ ಲೆಕ್ಕ ಮಾತ್ರ 12.7. ನಡುವೆ 1.4 ವೋಲ್ಟ್ ಎಲ್ಲಿ ಸೋರಿತು? ಎಲ್ಲರೂ ಎಡವುವುದು ಇಲ್ಲೇ. ಮೀಟರನ್ನು ಓಮ್ಸಿಗೆ, ಅಂದರೆ ವೈರಿನ ತಡೆ ಅಳೆಯುವ ಜಾಗಕ್ಕೆ, ಇಟ್ಟು ವೈರ್ ಚೆಕ್ ಮಾಡಿ "ಸರಿಯಾಗಿದೆ" ಅಂತಾರೆ. ಹತ್ತಾರು ಎಳೆಯ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ಸ್ ಸೊನ್ನೆಯನ್ನೇ ತೋರಿಸುತ್ತದೆ, ಕರೆಂಟು ಹರಿಸಬೇಕಾದಾಗ ಮಾತ್ರ ಅದರ ಬಂಡವಾಳ ಬಯಲಾಗುವುದು.

ಹಾಗಾಗಿ ಲೋಡ್ ಹಾಕಿಯೇ ಅಳೆಯಬೇಕು. ಗೇರ್ 'ಪಿ'ಯಲ್ಲಿ (ಪಾರ್ಕ್) ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್, ಎಸಿ, ಲೈಟು ಎಲ್ಲ ಚಾಲೂ ಇರಲಿ, ಕೈ, ಮೀಟರ್ ವೈರು ಬೆಲ್ಟು ಫ್ಯಾನಿಗೆ ತಾಗದಿರಲಿ. ಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ (ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ), ಕೆಂಪನ್ನು ಗೇರ್‌ಬಾಕ್ಸಿನ ಮೈಗೆ. 0.1 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಸರಿಯಿಲ್ಲ. ನನಗೆ ಒಂದೂಕಾಲು ಬಂತು. ಬಾಡಿಯಿಂದ ಗೇರ್‌ಬಾಕ್ಸಿಗೆ ಬರುವ ಹೆಣೆದ ಪಟ್ಟಿಯ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ಹಸಿರು ಪುಡಿ, ಪಾಚಿ ಕಟ್ಟಿದ ಹಾಗೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಉಜ್ಜುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದೆ.

ಅರ್ಥಿಂಗ್ ಸರಿಯಿದ್ದರೆ ಪ್ಲಸ್ ಕಡೆ ಹೋಗಿ. ಬ್ಯಾಟರಿ ಪ್ಲಸ್ಸಿನಿಂದ ಟಿಸಿಎಂ ಫ್ಯೂಸಿನ ಎರಡೂ ಕಾಲು, ರಿಲೇ, ಕೊನೆಗೆ ಟಿಸಿಎಂ ಕನೆಕ್ಟರ್ ತನಕ ಹೀಗೇ ಅಳೆಯುತ್ತಾ ಹೋಗಿ. ದಾರಿಯಲ್ಲಿ ಒಟ್ಟು 0.2, 0.3 ವೋಲ್ಟಿಗಿಂತ ಜಾಸ್ತಿ ಕಳೆಯಬಾರದು. ಕನೆಕ್ಟರಿಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ, ಪಿನ್ ಹಿಗ್ಗಿದರೆ ಅದೇ ಹೊಸ ಕಾಯಿಲೆ. ವೈರ್ ಒಳಹೋಗುವ ಹಿಂಬದಿಯಿಂದ ತೆಳ್ಳನೆಯ ಸೂಜಿ ತೂರಿಸಿ. ಕೆಲವು ಗಾಡಿಗಳಲ್ಲಿ ಟಿಸಿಎಂ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಅಲ್ಲಿ ಹೊರಗಿನ ಕನೆಕ್ಟರಿನವರೆಗೆ ಮಾತ್ರ ನಮ್ಮ ಕೈ ಹೋಗುವುದು. ಅದರಲ್ಲಿ ಎಣ್ಣೆ ಒಸರಿದೆಯಾ ಅಂತಲೂ ನೋಡಿ. ಹೈಬ್ರಿಡ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಲೇಬೇಡಿ.

ಬ್ಯಾಟರಿ ಬಿಚ್ಚಿದ್ದರಿಂದ ಎಷ್ಟೋ ಗಾಡಿಗಳಲ್ಲಿ ಗೇರ್ ಬದಲಾಯಿಸುವ ಕಲಿತ ಲೆಕ್ಕ ಅಳಿಸಿಹೋಗುತ್ತದೆ. ನನ್ನದು ಎರಡು ದಿನ ಒಂದರಿಂದ ಎರಡಕ್ಕೆ ಹೋಗುವಾಗ ಸಣ್ಣಗೆ ಜರ್ಕ್ ಹೊಡೆಯಿತು, ಮೂರನೇ ದಿನ ತಾನೇ ಸರಿಹೋಯಿತು. ಅಳಿಸಿದ ಕೋಡು ಇನ್ನೂ ವಾಪಸ್ ಬಂದಿಲ್ಲ.