ಹಿಂದಿನ ಚಕ್ರ ಓರೆಯಾಗಿದ್ದು ಯಾಕೆ?

ಮಾಂದಲ್‌ಪಟ್ಟಿ ಹಾದಿಯಲ್ಲಿ ಪಂಕ್ಚರ್ ಆಗಿ, ಮಳೆಯಲ್ಲೇ ಟ್ಯೂಬ್ ಬದಲಿಸಿದ್ದೆ. ಮಡಿಕೇರಿಗೆ ಬಂದು ನೋಡಿದರೆ ಮೌಂಟನ್ ಬೈಕಿನ ಹಿಂದಿನ ಟೈರ್, ಸೀಟಿನಿಂದ ಇಳಿಯುವ ಎಡಗಡೆ ಕಂಬಿಗೆ ಉಜ್ಜುತ್ತಿತ್ತು. ರಿಮ್ ಬೆಂಡಾಯ್ತು ಅಂತ ಹೊಟ್ಟೆ ಉರಿಯಿತು.

ಸೈಕಲ್ ಎತ್ತಿ ಚಕ್ರ ತಿರುಗಿಸಿದೆ. ಬೆಂಡಾಗಿದ್ದರೆ ಪ್ರತಿ ಸುತ್ತಿನಲ್ಲೂ ಟೈರಿಗೂ ಕಂಬಿಗೂ ನಡುವಿನ ಸಂದು ಹೆಚ್ಚುಕಮ್ಮಿ ಆಗಬೇಕು ಅಲ್ವಾ? ಇಲ್ಲಿ ಹಾಗಿಲ್ಲ. ಎಡಗಡೆ ಕಿರುಬೆರಳೂ ತೂರದು, ಬಲಗಡೆ ಹೆಬ್ಬೆರಳು ಸಲೀಸು. ಎಷ್ಟು ತಿರುಗಿಸಿದರೂ ಅಷ್ಟೇ. ಅಂದರೆ ರಿಮ್ ಸರಿಯಿದೆ, ಚಕ್ರ ಕೂತಿರುವುದೇ ಸರಿಯಿಲ್ಲ.

ಚಕ್ರ ಬಿಚ್ಚಿದೆ. ಆಕ್ಸಲ್ (ಚಕ್ರದ ನಡುವಿನ ಅಚ್ಚು) ಕೂರುವ ಎಡಗಡೆ ಸೀಳಿನಲ್ಲಿ ಕೆಮ್ಮಣ್ಣು, ಜೊತೆಗೊಂದು ಸಣ್ಣ ಕಲ್ಲು! ಸ್ಕ್ರೂಡ್ರೈವರಿನಿಂದ ಕೆರೆದು ಒರೆಸಿದೆ. ಸೈಕಲ್ ನೆಲದ ಮೇಲೆ ನಿಲ್ಲಿಸಿ, ಸೀಟನ್ನು ಒತ್ತಿ ಹಿಡಿದೇ ಕ್ವಿಕ್ ರಿಲೀಸ್ (ಚಕ್ರವನ್ನು ಬಿಗಿಯುವ ಹಿಡಿ) ಬಿಗಿ ಮಾಡಿದೆ. ಎತ್ತಿ ಹಿಡಿದು ಬಿಗಿ ಮಾಡಬೇಡಿ, ಆಕ್ಸಲ್ ಪೂರ್ತಿ ಕೂರದೇ ಇರಬಹುದು. ಈಗ ಎರಡೂ ಕಡೆ ಸಂದು ಸಮ. ಡಿಸ್ಕ್ ಬ್ರೇಕಿನ ಕಿರ್ ಸದ್ದೂ ನಿಂತಿದೆ.